ಒಂದೇ ಪದಕ್ಕೆ ಆರು ವಾರ: ‘ಕ್ಯೂರಿಂಗ್’ ಕಲಿಸಿದ ನನ್ನ ಅನುಭವ

ಒಂದೇ ಇಂಗ್ಲಿಷ್ ಪದ ಇಟ್ಟುಕೊಂಡು ಆರು ವಾರ ಪಾಠ ಮಾಡುತ್ತೇನೆ ಅಂದಾಗ ನಮ್ಮ ಭಾವ ಕಾಫಿ ಲೋಟ ಕೆಳಗಿಟ್ಟು ನಕ್ಕರು. “ಆರು ವಾರದಲ್ಲಿ ಇಡೀ ಇಂಗ್ಲಿಷೇ ಕಲಿಸ್ತೀವಿ ಅಂತ ಜನ ಬೋರ್ಡ್ ಹಾಕ್ತಾರೆ, ನೀನು ಒಂದು ಪದ ಕಲಿಸ್ತೀಯಾ? ಬಾಡಿಗೆ ಯಾರಪ್ಪ ಕಟ್ಟೋದು?” ಬಾಡಿಗೆ ಪ್ರಶ್ನೆ ಸರಿಯಾಗೇ ಇತ್ತು, ಅದಕ್ಕೆ ಆಮೇಲೆ ಬರುತ್ತೇನೆ. ಆದರೆ ಈಗ ಇದೇ ಪದದ ಮೂರನೇ ಬ್ಯಾಚ್ ಮುಗಿದಿದೆ. ಹದಿನೇಳು ಜನ ಸೇರಿದರು, ಹದಿನಾರು ಜನ ಕೊನೆವರೆಗೂ ಬಂದರು. ಹೋದ ಒಬ್ಬರು ಮಗಳ ಬಾಣಂತನಕ್ಕೆ ಹೋದರು, ನನ್ನ ಪಾಠ ಬೇಜಾರಾಗಿ ಅಲ್ಲ. ದೊಡ್ಡವರಿಗೆ ಸಂಜೆ ಕ್ಲಾಸ್ ಮಾಡಿದವರಿಗೆ ಈ ಲೆಕ್ಕದ ಬೆಲೆ ಗೊತ್ತಿರುತ್ತದೆ.

ನಾನಿರುವುದು ಹಾಸನದಲ್ಲಿ. ಮಕ್ಕಳ ಟ್ಯೂಷನ್ ಮಾಡುವುದಿಲ್ಲ. ನನ್ನ ಹತ್ತಿರ ಬರುವವರು ಮೇಸ್ತ್ರಿಗಳು, ನರ್ಸ್‌ಗಳು, ಪಾರ್ಲರ್ ನಡೆಸುವವರು, ಸೆಕ್ಯುರಿಟಿ ಕೆಲಸದವರು, ಅರಕಲಗೂಡು ಕಡೆಯಿಂದ ಒಂದಿಬ್ಬರು ಹೊಗೆಸೊಪ್ಪು ಬೆಳೆಗಾರರು. ಇದಕ್ಕೆ ಮುಂಚೆ ಹತ್ತು ಹನ್ನೊಂದು ವರ್ಷ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ರೈಟರ್ ಆಗಿದ್ದೆ. ರೈಟರ್ ಅಂದರೆ ಗುಮಾಸ್ತ. ಊರಲ್ಲಿ ಕೆಲವರು ನಾನು ಕತೆ ಬರೆಯುವವನು ಅಂದುಕೊಂಡಿದ್ದರು, ನಾನೂ ತಿದ್ದಲಿಲ್ಲ. ಇದನ್ನು ಓದುವವರಲ್ಲಿ ಜಾಸ್ತಿ ಜನ ನನ್ನ ಹಾಗೆ ದೊಡ್ಡವರಿಗೆ ಇಂಗ್ಲಿಷ್ ಕಲಿಸುವವರು ಅಂದುಕೊಂಡು ಬರೆಯುತ್ತಿದ್ದೇನೆ. ಡಿಕ್ಷನರಿ ನೋಡುವುದು ಹೇಗೆ, ವರ್ಕ್‌ಶೀಟ್ ಮಾಡುವುದು ಹೇಗೆ ಅನ್ನುವುದೆಲ್ಲ ಇಲ್ಲಿ ಇಲ್ಲ.

ಮೊದಲು ಸೋತ ಕತೆ.

ನಾನು ಹಿಡಿದ ಮೊದಲ ಪದ ‘ಸೆಟ್’. ಯಾಕೆ ಅಂದರೆ ಅದೇ ಎಲ್ಲಕ್ಕಿಂತ ದೊಡ್ಡದು ಅಂತ ಎಲ್ಲೋ ಓದಿದ್ದೆ. 1989ರಲ್ಲಿ ಬಂದ ಆಕ್ಸ್‌ಫರ್ಡ್ ದೊಡ್ಡ ನಿಘಂಟಿನ ಎರಡನೇ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ಟಿಪ್ಪಣಿ ಇದೇ ಪದಕ್ಕೆ ಇದೆ, 430ಕ್ಕಿಂತ ಜಾಸ್ತಿ ಅರ್ಥ. ದೊಡ್ಡ ಮೀನು ಹಿಡಿಯೋಣ ಅಂತ ಹೋದೆ. ಅದರಲ್ಲಿ ಮೂವತ್ತು ಅರ್ಥ ಆರಿಸಿ, ಎರಡು ಪುಟ ಟೈಪ್ ಮಾಡಿಸಿ, ಜೆರಾಕ್ಸ್ ಮಾಡಿಸಿ ಹಂಚಿದೆ. ಸೆಟ್ ದೋಸೆಯಿಂದ ಶುರು ಮಾಡಿದೆ, ಎಲ್ಲರೂ ನಕ್ಕರು, ಆಹಾ ಗೆದ್ದೆ ಅಂದುಕೊಂಡೆ. ಎರಡನೇ ದಿನಕ್ಕೆ ನಗು ನಿಂತಿತು. ಪಟ್ಟಿ ಪಟ್ಟಿಯೇ ತಾನೇ. ರೇಷನ್ ಅಂಗಡಿ ಪಟ್ಟಿ ಓದಿದ ಹಾಗೆ ಓದಿಕೊಂಡು ಹೋದೆ. ಸಾಲದ್ದಕ್ಕೆ ಆಮೇಲೆ ಗೊತ್ತಾಯಿತು, ಸೆಟ್ ದೋಸೆಯ ‘ಸೆಟ್’, ಅಂದರೆ ಗುಂಪು, ಲ್ಯಾಟಿನ್‌ನಿಂದ ಫ್ರೆಂಚ್ ದಾರಿಯಲ್ಲಿ ಬಂದದ್ದು, ‘ಇಡು’ ಅನ್ನುವ ಕ್ರಿಯಾಪದದ ‘ಸೆಟ್’ ಹಳೇ ಇಂಗ್ಲಿಷ್‌ನ ಸ್ವಂತ ಪದ. ಎರಡೂ ಬೇರೆ ಬೇರೆ ಮನೆಯವರು, ಬರುಬರುತ್ತಾ ಬೆರೆತುಹೋದವರು. ನಾನು ಒಂದೇ ವಂಶ ಅಂತ ಮರದ ಚಿತ್ರ ಬೇರೆ ಬರೆದಿದ್ದೆ. ಇಪ್ಪತ್ತೆರಡು ಜನ ಸೇರಿದ್ದರು, ತಿಂಗಳು ಮುಗಿಯುವಾಗ ಆರು ಜನ ಇದ್ದರು.

ಎರಡನೇ ಪದ ‘ಬಾರ್ಕ್’. ನಾಯಿ ಬೊಗಳುವುದೂ ಬಾರ್ಕ್, ಮರದ ತೊಗಟೆಯೂ ಬಾರ್ಕ್. ಪದ ಚಿಕ್ಕದು, ಚಿತ್ರ ಬರೆಯಬಹುದು, ಮಜಾ ಇರುತ್ತದೆ ಅಂದುಕೊಂಡೆ. “ಯಾಕೆ ಸಾರ್ ಎರಡಕ್ಕೂ ಒಂದೇ ಹೆಸರು?” ಅಂದರು. ಯಾಕೂ ಇಲ್ಲ. ಬೊಗಳುವುದು ಹಳೇ ಇಂಗ್ಲಿಷ್ ಪದ, ತೊಗಟೆ ಸ್ಕ್ಯಾಂಡಿನೇವಿಯಾ ಕಡೆಯಿಂದ ಬಂದ ಪದ, ಉಚ್ಚಾರ ಸವೆದು ಸವೆದು ಒಂದಾದವು, ಅಷ್ಟೇ. ನಮ್ಮಲ್ಲಿ ‘ಕರಿ’ ಇಲ್ಲವಾ, ಕಪ್ಪು ಅನ್ನುವ ಕನ್ನಡದ ಕರಿ, ಆನೆ ಅನ್ನುವ ಸಂಸ್ಕೃತದ ಕರಿ, ಎಣ್ಣೆಯಲ್ಲಿ ಕರಿಯುವ ಕರಿ. ಹಾಗೆ. ಕತೆಯೇ ಇಲ್ಲದ ಕಡೆ ಆರು ವಾರ ಏನು ಹೇಳೋದು? ಮೂರನೇ ದಿನಕ್ಕೆ ನಿಲ್ಲಿಸಿದೆ. ಆದರೆ ಒಂದು ಬುದ್ಧಿ ಬಂತು. ಪದ ಆರಿಸುವ ಮುಂಚೆ ಅದರ ಅರ್ಥಗಳೆಲ್ಲ ಒಂದೇ ತಾಯಿಯ ಮಕ್ಕಳಾ ಅಥವಾ ಒಂದೇ ಹೆಸರಿನ ಬೇರೆ ಊರವರಾ ನೋಡಿಕೊಳ್ಳಬೇಕು. ಇದನ್ನು ನೋಡದೆ ಹಿಡಿದರೆ ಕೈ ಸುಟ್ಟುಕೊಳ್ಳುವುದು ಗ್ಯಾರಂಟಿ.

‘ಕ್ಯೂರಿಂಗ್’ ನಾನಾಗಿ ಹುಡುಕಿದ್ದಲ್ಲ. ನಮ್ಮ ಕ್ಲಾಸಿನ ಮೇಸ್ತ್ರಿ ಒಬ್ಬರು ವಾರದಲ್ಲಿ ಮೂರು ದಿನ ತಡವಾಗಿ ಬರುತ್ತಿದ್ದರು. ಕೇಳಿದರೆ “ಮೇಷ್ಟ್ರೇ, ಸ್ಲ್ಯಾಬ್ ಹಾಕಿದೀವಿ, ಕ್ಯೂರಿಂಗ್ ನಡೀತಿದೆ, ಹುಡುಗರು ನೀರು ಹೊಡೆಯಲ್ಲ, ನಾನೇ ನಿಂತ್ಕೋಬೇಕು” ಅಂದರು. ಸುಮ್ಮನೆ ತಲೆಯಾಡಿಸಿದೆ. ರಾತ್ರಿ ಊಟಕ್ಕೆ ಕೂತಾಗ ಹೊಳೆಯಿತು. ಹನ್ನೊಂದು ವರ್ಷ ಗೇಟ್‌ಪಾಸ್ ಮೇಲೆ, ರಿಜಿಸ್ಟರ್ ಮೇಲೆ, ಲಾರಿ ಬಿಲ್ ಮೇಲೆ ‘ಕ್ಯೂರಿಂಗ್’ ಅಂತ ಬರೆದವನು ನಾನು. ಒಂದು ದಿನವೂ ಅದು ಏನು ಪದ ಅಂತ ಕೇಳಿಕೊಂಡಿರಲಿಲ್ಲ. ಕಾಫಿಗೆ ಏನು ಕಾಯಿಲೆ ಅಂತ ಕ್ಯೂರ್ ಮಾಡುತ್ತಿದ್ದೆವು?

ಅಷ್ಟಕ್ಕೇ ಕೆಲಸ ಆಗಲಿಲ್ಲ. ಕ್ಯೂರಿಂಗ್‌ನಲ್ಲೂ ಒಂದು ಸಲ ನೆಲ ಕಚ್ಚಿದೆ, ಅದೂ ದುಡ್ಡು ಕಳೆದುಕೊಂಡು. ಮೂಲದಿಂದ ಶುರು ಮಾಡಿದೆ. ಲ್ಯಾಟಿನ್‌ನಲ್ಲಿ ‘ಕೂರಾ’ ಅಂತ ಪದ, ಅರ್ಥ ಚಿಂತೆ, ಕಾಳಜಿ, ಆರೈಕೆ. ಅದು ಹಳೇ ಫ್ರೆಂಚಿಗೆ ಬಂತು, ಅಲ್ಲಿಂದ ಇಂಗ್ಲಿಷಿಗೆ ಹೋಯಿತು. ಇದನ್ನೆಲ್ಲ ಮೊದಲ ದಿನವೇ ಬೋರ್ಡ್ ಮೇಲೆ ಬಾಣ ಹಾಕಿ ಬರೆದೆ. ಎಲ್ಲರೂ ನೀಟಾಗಿ ಕಾಪಿ ಮಾಡಿಕೊಂಡರು. ಮುಂದಿನ ವಾರ ಕೇಳಿದರೆ ಒಬ್ಬರಿಗೂ ನೆನಪಿಲ್ಲ. ಲ್ಯಾಟಿನ್ ಯಾರಿಗೆ ಬೇಕು ಹೇಳಿ, ಸಂಜೆ ಏಳು ಗಂಟೆಗೆ, ದಿನವಿಡೀ ದುಡಿದು ಬಂದವರಿಗೆ?

ಅದರ ಮೇಲೆ ಇನ್ನೊಂದು ತಪ್ಪು. ಜಿಲ್ಲೆಯ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿರುವ ಒಬ್ಬರು ಕ್ಲಾಸಿನಲ್ಲಿ ಒಂದು ಮಾತು ಹೇಳಿದರು: “ಸಾರ್, ಶುಗರ್‌ಗೆ ಕ್ಯೂರ್ ಇಲ್ಲ, ಕೇರ್ ಇದೆ.” ಎಂಥ ಮಾತು! ಕೇಳಿದ ತಕ್ಷಣ ಕ್ಯೂರ್, ಕೇರ್ ಎರಡೂ ಅಕ್ಕತಂಗಿ ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಅರ್ಥ ಒಂದೇ ಥರ, ಸದ್ದು ಒಂದೇ ಥರ, ಇನ್ನೇನು ಬೇಕು? ಕೈಪಿಡಿ ಥರ ಎಂಟು ಪುಟ ಮಾಡಿ, ಬಣ್ಣದ ರಟ್ಟು ಹಾಕಿಸಿ, ಇನ್ನೂರು ಪ್ರತಿ ಮಾಡಿಸಿದೆ. ಆರು ಸಾವಿರ ಚಿಲ್ಲರೆ ಆಯಿತು. ಮಹಾರಾಜ ಪಾರ್ಕ್‌ನಲ್ಲಿ ಬೆಳಗ್ಗೆ ವಾಕಿಂಗ್ ಬರುವ ನಿವೃತ್ತ ಇಂಗ್ಲಿಷ್ ಲೆಕ್ಚರರ್ ಒಬ್ಬರಿಗೆ ಹೆಮ್ಮೆಯಿಂದ ಒಂದು ಪ್ರತಿ ಕೊಟ್ಟೆ. ಅವರು ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು, ಕನ್ನಡಕ ಮೇಲೆ ಮಾಡಿ, ಮೂರನೇ ಪುಟಕ್ಕೆ ಬೆರಳಿಟ್ಟರು. “ಇದು ತಪ್ಪು ಕಣಪ್ಪ. ಕೇರ್ ಅನ್ನೋದು ಜರ್ಮನ್ ಕಡೆಯ ಬೇರು, ಮೊದಲು ದುಃಖ, ಗೋಳು ಅಂತ ಅರ್ಥ ಇತ್ತು. ಕ್ಯೂರ್ ಲ್ಯಾಟಿನ್. ಇವೆರಡಕ್ಕೂ ನಂಟಿಲ್ಲ.” ಮನೆಗೆ ಬಂದು ನೋಡಿದೆ, ಅವರು ಹೇಳಿದ್ದೇ ಸರಿ. ಇನ್ನೂರರಲ್ಲಿ ನಲವತ್ತು ಹಂಚಿ ಆಗಿತ್ತು. ಉಳಿದ ಪ್ರತಿಗಳಿಗೆ ಆ ಪ್ಯಾರಾದ ಮೇಲೆ ಬಿಳಿ ಚೀಟಿ ಅಂಟಿಸುತ್ತಾ ನಾನೂ ನನ್ನ ಹೆಂಡತಿಯೂ ಒಂದು ಭಾನುವಾರ ಕಳೆದೆವು. “ನಮ್ಮ ಕನ್ನಡದಲ್ಲಿ ಕೇರು ಅಂದ್ರೆ ಮೊರದಲ್ಲಿ ಕೇರೋದು ರೀ, ಮೊದಲು ಕೇರಿ ನೋಡಿ ಆಮೇಲೆ ಪ್ರಿಂಟ್ ಹಾಕಿಸಿ” ಅಂದಳು. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಸರಿ, ಗೆದ್ದದ್ದು ಹೇಗೆ ಅನ್ನುವುದಕ್ಕೆ ಬರುತ್ತೇನೆ.

ಮುಂದಿನ ಬ್ಯಾಚಿಗೆ ನಾನು ಏನೂ ಹೇಳಲಿಲ್ಲ. ಬೋರ್ಡ್ ನಡುವೆ ‘ಕ್ಯೂರಿಂಗ್’ ಅಂತ ಒಂದೇ ಪದ ಬರೆದು, “ನಿಮ್ಮ ಕಸುಬಿನಲ್ಲಿ ಈ ಮಾತು ಇದೆಯಾ? ಇದ್ದರೆ ಹತ್ತು ನಿಮಿಷ ಕನ್ನಡದಲ್ಲೇ ಹೇಳಿ, ಸಾಮಾನು ಇದ್ದರೆ ತನ್ನಿ” ಅಂದೆ. ನಾನೇ ಮೊದಲು ಒಂದು ಹಿಡಿ ಪಾರ್ಚ್‌ಮೆಂಟ್, ಅಂದರೆ ಒಣ ಸಿಪ್ಪೆ ಇರುವ ಕಾಫಿ ಬೀಜ, ತಂದು ಮೇಜಿನ ಮೇಲೆ ಸುರಿದೆ. ತೋಟದಲ್ಲಿ ಹಣ್ಣು ಕುಯ್ದು, ಪಲ್ಪ್ ಮಾಡಿ, ತೊಳೆದು, ಕಣದಲ್ಲಿ ಒಣಗಿಸಿದ ಮೇಲೆ ಸಿಪ್ಪೆ ಸಮೇತ ಚೀಲ ತುಂಬಿ ಕ್ಯೂರಿಂಗ್ ವರ್ಕ್ಸ್‌ಗೆ ಬರುತ್ತದೆ. ಅಲ್ಲಿ ತೇವ ನೋಡಿ, ಬೇಕಿದ್ದರೆ ಮತ್ತೆ ಒಣಗಿಸಿ, ಸಿಪ್ಪೆ ಬಿಡಿಸಿ, ಗಾತ್ರ, ಆಕಾರದ ಲೆಕ್ಕದಲ್ಲಿ ಎ, ಬಿ, ಪೀಬೆರಿ (ಹಣ್ಣಿನೊಳಗೆ ಒಂಟಿಯಾಗಿ ಬೆಳೆದ ಗುಂಡು ಬೀಜ) ಅಂತ ಬೇರೆ ಮಾಡಿ, ಕೆಟ್ಟ ಬೀಜ ಆರಿಸಿ ತೆಗೆಯುತ್ತಾರೆ. ಇಷ್ಟೂ ಸೇರಿ ಕ್ಯೂರಿಂಗ್.

ಆಮೇಲೆ ಅರಕಲಗೂಡು ಕಡೆಯ ಬೆಳೆಗಾರರು ಎದ್ದರು. ಅವರದು ವರ್ಜೀನಿಯಾ ಹೊಗೆಸೊಪ್ಪು. ಬ್ಯಾರನ್, ಅಂದರೆ ಸೊಪ್ಪು ಒಣಗಿಸುವ ಮನೆ, ಅದರ ಒಳಗೆ ಕೋಲಿಗೆ ಕಟ್ಟಿ ತೂಗುಹಾಕಿ, ಕೆಳಗೆ ಕೊಳವೆಯಲ್ಲಿ ಬಿಸಿ ಬಿಟ್ಟು, ಐದಾರು ದಿನ ರಾತ್ರಿ ಹಗಲು ಕಾಯಬೇಕು. ಮೊದಲು ಎಲೆ ಹಳದಿ ತಿರುಗಬೇಕು, ಆಮೇಲೆ ಬಿಸಿ ಏರಿಸಿ ಒಣಗಿಸಬೇಕು. ಅವಸರ ಮಾಡಿದರೆ ಹಸಿರು ಹಾಗೇ ಕೂತುಬಿಡುತ್ತದೆ, ತಡ ಮಾಡಿದರೆ ಕಪ್ಪಾಗುತ್ತದೆ, ರಾಮನಾಥಪುರದ ಹರಾಜಿನಲ್ಲಿ ಯಾರೂ ಕೇಳುವುದಿಲ್ಲ. ಬೆಂಕಿ ಮುಂದೆ ನಿದ್ದೆಗೆಟ್ಟು ಕೂರುವ ಕತೆಯನ್ನು ಅವರು ಹತ್ತು ನಿಮಿಷ ಅಲ್ಲ, ಅರ್ಧ ಗಂಟೆ ಹೇಳಿದರು. ನಾನು ತಡೆಯಲಿಲ್ಲ.

ಆಗ ಮೇಸ್ತ್ರಿ ಕೈ ಎತ್ತಿದರು. “ಇವರಿಬ್ಬರದೂ ಒಣಗಿಸೋದು. ನಮ್ಮದು ಒಣಗದ ಹಾಗೆ ನೋಡೋದು. ಇದು ಹೆಂಗೆ ಒಂದೇ ಮಾತಾಗುತ್ತೆ ಮೇಷ್ಟ್ರೇ?”

ಕ್ಲಾಸು ಗಪ್ ಅಂತ ನಿಂತಿತು. ನನಗೆ ಮೈ ಜುಮ್ ಅಂದಿತು, ಯಾಕೆ ಅಂದರೆ ಈ ಪ್ರಶ್ನೆ ನನಗೇ ಹೊಳೆದಿರಲಿಲ್ಲ. ಕಾಂಕ್ರೀಟ್ ಒಣಗಿ ಗಟ್ಟಿಯಾಗುತ್ತದೆ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ಹಾಗಲ್ಲ, ಸಿಮೆಂಟ್ ನೀರಿನ ಜೊತೆ ಸೇರಿ ಗಟ್ಟಿಯಾಗುವುದು. ನೀರು ಬೇಗ ಆರಿದರೆ ಅಲ್ಲಿಗೆ ನಿಂತುಹೋಗುತ್ತದೆ, ಬಿರುಕು ಬಿಡುತ್ತದೆ. ಅದಕ್ಕೇ ಸ್ಲ್ಯಾಬ್ ಮೇಲೆ ಮಣ್ಣಿನ ಕಟ್ಟೆ ಕಟ್ಟಿ ನೀರು ನಿಲ್ಲಿಸೋದು, ಕಂಬಕ್ಕೆ ಗೋಣಿಚೀಲ ಸುತ್ತಿ ನೆನೆಸೋದು. ಕಮ್ಮಿ ಅಂದರೂ ಏಳು ದಿನ, ಮೇಸ್ತ್ರಿ ಹಟಮಾರಿಯಾದರೆ ಹದಿನಾಲ್ಕು. ಪೂರ್ತಿ ಶಕ್ತಿ ಲೆಕ್ಕ ಹಾಕೋದು 28 ದಿನಕ್ಕೆ. ಅಂದರೆ ಕಾಫಿಯ ಕ್ಯೂರಿಂಗ್ ನೀರು ತೆಗೆಯುವುದು, ಮನೆಯ ಕ್ಯೂರಿಂಗ್ ನೀರು ಹಿಡಿದಿಡುವುದು. ಮೂರನೆಯವರು ಹಳೇ ಟೈರಿಗೆ ಹೊಸ ರಬ್ಬರ್ ಹಾಕುವ ಅಂಗಡಿಯವರು, ಅವರು ಇನ್ನೊಂದು ಸೇರಿಸಿದರು. ಅವರ ಕ್ಯೂರಿಂಗ್‌ನಲ್ಲಿ ಒಣಗಿಸುವುದೂ ಇಲ್ಲ, ನೆನೆಸುವುದೂ ಇಲ್ಲ. ಅಚ್ಚಿನಲ್ಲಿಟ್ಟು ಬಿಸಿ ಮತ್ತು ಒತ್ತಡ ಕೊಡುವುದು. ರಬ್ಬರಿಗೆ ಗಂಧಕ ಸೇರಿಸಿ ಬಿಸಿ ಮಾಡಿದರೆ ಹದವಾಗುತ್ತದೆ ಅಂತ ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡ, 1844ರಲ್ಲಿ ಪೇಟೆಂಟ್ ಪಡೆದ. ಪಾರ್ಲರ್ ಅಕ್ಕ ಬ್ಯಾಗಿನಿಂದ ಪುಟ್ಟ ಲ್ಯಾಂಪ್ ತೆಗೆದು ತೋರಿಸಿದರು, ಉಗುರಿಗೆ ಹಚ್ಚಿದ ಜೆಲ್ ಗಟ್ಟಿಯಾಗಲು ಅದರ ಬೆಳಕಿಗೆ ಹಿಡಿಯಬೇಕು. ಅದರ ಡಬ್ಬಿ ಮೇಲೂ ಕ್ಯೂರ್ ಅಂತಲೇ ಬರೆದಿತ್ತು.

ಉತ್ತರ ಹೇಳಿದ್ದೂ ನಾನಲ್ಲ. ಹೊಗೆಸೊಪ್ಪಿನವರೇ ಅಂದರು, “ಇದೇನ್ ಸಾರ್, ನಾವೆಲ್ಲ ಹದ ಮಾಡ್ತೀವಿ ಅಂತೀವಲ್ಲ, ಅದೇ ಅಲ್ವಾ?”

ಅದೇ! ಮಣ್ಣಿನ ಹದ ಅಂದರೆ ತೇವ, ಬೆಲ್ಲದ ಪಾಕದ ಹದ ಅಂದರೆ ಬಿಸಿ, ತೊಗಲು ಹದ ಮಾಡುವುದು ಅಂದರೆ ಕೊಳೆಯದ ಹಾಗೆ ನೋಡಿಕೊಳ್ಳುವುದು, ರೊಟ್ಟಿ ಹಿಟ್ಟಿನ ಹದ ಕೈಗೆ ಮಾತ್ರ ಗೊತ್ತು. ನೀರು ಹಾಕುತ್ತೀರೋ ತೆಗೆಯುತ್ತೀರೋ ಅನ್ನುವುದು ಮುಖ್ಯವೇ ಅಲ್ಲ. ಒಂದು ವಸ್ತುವನ್ನು ಅದರ ಪಾಡಿಗೆ ಬಿಟ್ಟರೆ ಕೆಡುತ್ತದೆ, ಪಕ್ಕದಲ್ಲಿ ನಿಂತು ನೋಡಿಕೊಂಡರೆ ಸರಿಯಾದ ಸ್ಥಿತಿಗೆ ಬರುತ್ತದೆ. ಆ ನೋಡಿಕೊಳ್ಳುವುದೇ ಕೂರಾ. ಆಗ ಮಾತ್ರ ನಾನು ಬೋರ್ಡ್ ಹತ್ತಿರ ಹೋಗಿ ಲ್ಯಾಟಿನ್ ಪದ ಬರೆದೆ. ಯಾರೂ ಕಾಪಿ ಮಾಡಿಕೊಳ್ಳಲಿಲ್ಲ. ಎಲ್ಲರಿಗೂ ನೆನಪಿದೆ.

ನರ್ಸ್ ಮಾತ್ರ ಸುಲಭಕ್ಕೆ ಬಿಡಲಿಲ್ಲ. ಹದ ಮಾಡಿದ ಮಾತ್ರಕ್ಕೆ ಕಾಯಿಲೆ ವಾಸಿಯಾಗುತ್ತದಾ ಅಂತ. ಒಳ್ಳೇ ತಕರಾರು. ಲ್ಯಾಟಿನ್‌ನಲ್ಲಿ ಆ ಕ್ರಿಯಾಪದಕ್ಕೆ ಮೊದಲಿದ್ದ ಅರ್ಥ ಆರೈಕೆ ಮಾಡು ಅಂತಲೇ. ವೈದ್ಯರ ಬಾಯಲ್ಲಿ ಚಿಕಿತ್ಸೆ ಕೊಡು ಅಂತಾಯಿತು, ಆಮೇಲೆ ವಾಸಿ ಮಾಡು ಅಂತಾಯಿತು. ಮಾಡುವ ಕೆಲಸದ ಹೆಸರು ಅದರ ಫಲಕ್ಕೆ ಅಂಟಿಕೊಂಡಿತು. ಮೀನಿಗೆ, ಮಾಂಸಕ್ಕೆ ಉಪ್ಪು ಹಾಕಿ ಕೆಡದಂತೆ ಇಡುವುದಕ್ಕೂ ಅದೇ ಪದ ಬಂದದ್ದು ಇಂಗ್ಲಿಷಿನಲ್ಲಿ, ಕಾಯಿಲೆಯ ಅರ್ಥ ಬಂದ ಎಷ್ಟೋ ಕಾಲದ ಮೇಲೆ. ಸಂತೆಯ ಒಣಮೀನನ್ನು ನೆನೆಸಿಕೊಂಡರೆ ಕ್ಯೂರ್ ಅನ್ನುವುದಕ್ಕೆ ವಾಸಿ ಅಂತ ಅರ್ಥ ಹೇಳಲು ಆಗುತ್ತದಾ? ಮೀನಿಗೆ ವಾಸಿ ಆಗೋದು ಏನು ಉಳಿದಿರುತ್ತದೆ ಪಾಪ.

ಇಲ್ಲಿಂದ ಮುಂದೆ ಕ್ಲಾಸು ತಾನಾಗೇ ಓಡಿತು. ಕೂರಾ ಅನ್ನುವ ಅಜ್ಜಿಯ ಮೊಮ್ಮಕ್ಕಳು ಎಷ್ಟು ಜನ ನಮ್ಮ ಕೋಣೆಯಲ್ಲೇ ಕೂತಿದ್ದಾರೆ ಅಂತ ಹುಡುಕಿದೆವು. ಪಾರ್ಲರಿನ ಮೆನಿಕ್ಯೂರ್, ಪೆಡಿಕ್ಯೂರ್ ಅಂದರೆ ಕೈಯ ಆರೈಕೆ, ಕಾಲಿನ ಆರೈಕೆ. ‘ಆಕ್ಯುರೇಟ್’ ಅಂದರೆ ಕಾಳಜಿ ಇಟ್ಟು ಮಾಡಿದ್ದು. ‘ಕ್ಯೂರಿಯಸ್’ ಕೂಡ ಅದೇ ಮನೆ. ಎಲ್ಲಕ್ಕಿಂತ ಮಜಾ ಬಂದದ್ದು ನಮ್ಮ ಸೆಕ್ಯುರಿಟಿ ಅಣ್ಣನ ವಿಷಯದಲ್ಲಿ. ‘ಸೆಕ್ಯೂರ್’ ಅನ್ನುವುದನ್ನು ಒಡೆದರೆ ‘ಸೆ’ ಅಂದರೆ ಇಲ್ಲದ, ‘ಕೂರಾ’ ಅಂದರೆ ಚಿಂತೆ. ಕನ್ನಡದಲ್ಲಿ ಹೇಳಿ ನೋಡಿ: ನಿಶ್ಚಿಂತೆ! ಅಚ್ಚು ತೆಗೆದ ಹಾಗೆ ಅದೇ ಜೋಡಣೆ. “ಹಂಗಾದ್ರೆ ಚಿಂತೆ ಇಲ್ಲದವನು ಮನೆಯ ಓನರ್ರು, ಚಿಂತೆ ನನ್ನದು” ಅಂದರು ಅವರು, ರಾತ್ರಿ ಪಾಳಿಗೆ ಹೊರಡುತ್ತಾ. ಅದೇ ಸೆಕ್ಯೂರ್ ಫ್ರೆಂಚರ ಬಾಯಲ್ಲಿ ಸವೆದು ‘ಶ್ಯೂರ್’ ಆಯಿತು, ಶ್ಯೂರ್‌ನಿಂದ ‘ಇನ್ಶೂರೆನ್ಸ್’ ಬಂತು. ಇದನ್ನು ಕೇಳಿದ ವಿಮೆ ಏಜೆಂಟ್ ಒಬ್ಬರು ಮಾರನೇ ದಿನದಿಂದ ಪಾಲಿಸಿ ಮಾರುವಾಗ ಇದನ್ನೇ ಹೇಳುತ್ತಿದ್ದಾರೆ. ನನಗೆ ಕಮಿಷನ್ ಇನ್ನೂ ಬಂದಿಲ್ಲ.

‘ಸಿನೆಕ್ಯೂರ್’ ಅಂತ ಇನ್ನೊಂದಿದೆ. ಕೂರಾ ಇಲ್ಲದ್ದು ಅಂತಲೇ ಅರ್ಥ. ಹಿಂದೆ ಚರ್ಚಿನಲ್ಲಿ ಭಕ್ತರ ಆತ್ಮ ನೋಡಿಕೊಳ್ಳುವ ಜವಾಬ್ದಾರಿ ಇಲ್ಲದೆ ಬರೀ ಆದಾಯ ಬರುವ ಹುದ್ದೆಗೆ ಹೇಳುತ್ತಿದ್ದರು, ಈಗ ಕೂತು ತಿನ್ನುವ ಯಾವ ನೌಕರಿಗಾದರೂ ಹೇಳಬಹುದು. ಉದಾಹರಣೆ ಕೇಳಿದೆ. ಹತ್ತು ನಿಮಿಷ ಗಲಾಟೆ ಆಯಿತು, ಆ ಹೆಸರುಗಳು ಇಲ್ಲಿ ಬೇಡ.

ವಿಧಾನದ ಬಗ್ಗೆ ಇಷ್ಟು ಹೇಳಬಹುದು. ಕಸುಬು ಮೊದಲು, ಜಗಳ ನಡುವೆ, ಮೂಲ ಕೊನೆಗೆ. ನಾನು ನೋಡಿದ ಪುಸ್ತಕಗಳಲ್ಲೆಲ್ಲ ಇದು ತಲೆಕೆಳಗಾಗಿದೆ, ಮೂಲದಿಂದ ಶುರು ಮಾಡುತ್ತವೆ. ಮತ್ತೆ, ಪದದ ಹೊಟ್ಟೆಯಲ್ಲಿ ಒಂದು ಎದುರುಬದುರು ಇರಬೇಕು, ಒಣಗಿಸು–ನೆನೆಸು ಅಂತ ಇದೆಯಲ್ಲ, ಆ ಥರ. ಅದಿಲ್ಲದೆ ಬರೀ ಅರ್ಥಗಳ ರಾಶಿ ಇದ್ದರೆ ನನ್ನ ‘ಸೆಟ್’ ಗತಿಯೇ. ಜಗಳ ತಾನಾಗಿ ಏಳದಿದ್ದರೆ ಎಬ್ಬಿಸುವುದಕ್ಕೆ ಮೂರು ಪ್ರಶ್ನೆ ಇಟ್ಟುಕೊಂಡಿದ್ದೇನೆ. ಒಂದು ಹೇಳುತ್ತೇನೆ: “ನೋಡಿಕೊಳ್ಳದೆ ಬಿಟ್ಟರೆ ಏನಾಗುತ್ತೆ?” ಇನ್ನೆರಡು ನನ್ನ ಹತ್ತಿರವೇ ಇರಲಿ, ಹೊಟ್ಟೆಪಾಡು ನೋಡಿ. ಐದನೇ ವಾರ ಹೇಳುವ ರೋಮನ್ನರ ಒಂದು ಮಣ್ಣಿನ ಗೊಂಬೆಯ ಕತೆಯೂ ಇದೆ, ಅದರಲ್ಲಿ ಕೂರಾ ಅನ್ನುವವಳೇ ಒಂದು ಪಾತ್ರ. ಅದನ್ನೂ ಇಲ್ಲಿ ಬರೆಯುವುದಿಲ್ಲ, ಹುಡುಕುವವರಿಗೆ ಸಿಗುತ್ತದೆ.

ಅಡ್ಡದಾರಿ ಹಿಡಿದ ಪ್ರಯೋಗಗಳೂ ಇವೆ. ಫ್ರೆಂಚ್‌ನಲ್ಲಿ ಊರಿನ ಪಾದ್ರಿಗೆ ‘ಕ್ಯುರೇ’ ಅನ್ನುತ್ತಾರೆ, ಆತ್ಮಗಳ ಆರೈಕೆ ಮಾಡುವವನು. ಇಂಗ್ಲಿಷಿನ ‘ಕ್ಯುರೇಟ್’ ಅದೇ ಬೇರು. ನಮ್ಮ ಶೆಟ್ಟಿಹಳ್ಳಿಯ ಹಳೇ ಚರ್ಚ್ ಕಟ್ಟಿದ್ದು ಫ್ರೆಂಚ್ ಮಿಷನರಿಗಳು, 1860ರ ದಶಕದಲ್ಲಿ. ಗೊರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಏಳುತ್ತದಲ್ಲ, ಅದೇ. ಅಲ್ಲಿಗೇ ಹೋಗಿ ಪಾಠ ಮಾಡೋಣ ಅಂತ ಟೆಂಪೋ ಟ್ರಾವೆಲರ್ ಮಾಡಿಸಿದೆ, ತಿಂಡಿ ಸೇರಿ ಐದು ಸಾವಿರದ ಹತ್ತಿರ ಆಯಿತು. ಮಾಡು ಬಿದ್ದ ಗೋಡೆ ನಡುವೆ ನಿಂತು ಕ್ಯುರೇ ಬಗ್ಗೆ ಎರಡು ಮಾತು ಆಡುವಷ್ಟರಲ್ಲಿ ಅರ್ಧ ಜನ ಫೋಟೋ ತೆಗೆಯಲು ಹೋಗಿದ್ದರು. ಮೇಸ್ತ್ರಿ ಮಾತ್ರ ಗೋಡೆ ಮುಟ್ಟಿ ಮುಟ್ಟಿ ನೋಡುತ್ತಿದ್ದರು. “ವರ್ಷ ವರ್ಷ ನೀರಲ್ಲಿ ಮುಳುಗಿ ಎದ್ದರೂ ನಿಂತಿದೆಯಲ್ಲ, ಇದು ಕ್ಯೂರಿಂಗ್” ಅಂದರು. ಅದು ಗಾರೆ, ಸಿಮೆಂಟ್ ಅಲ್ಲ, ನೀರೇ ಅದನ್ನು ಕೆಡಿಸುತ್ತಿರುವುದು ಅಂತ ಹೇಳಲು ಮನಸ್ಸಾಗಲಿಲ್ಲ.

ಇನ್ನೊಂದು ನಾನು ಊಹಿಸದೆ ಬಂದದ್ದು. ಅಂಗಡಿಯ ಹುಡುಗ ಒಬ್ಬ ‘ಕ್ಯೂರಿಂಗ್’ ಅಂದರೆ ಕ್ಯೂ ನಿಲ್ಲುವುದು ಅಂದುಕೊಂಡು ಎರಡು ವಾರ ಕೂತಿದ್ದ. ತಪ್ಪನ್ನು ಬಿಡದೆ ಅದನ್ನೂ ಹಿಡಿದೆ. ‘ಕ್ಯೂ’ ಬೇರೆ ಪದ, ಫ್ರೆಂಚ್‌ನಲ್ಲಿ ಅದಕ್ಕೆ ಬಾಲ ಅಂತ ಅರ್ಥ. ಹಾಸನಾಂಬೆಯ ಬಾಗಿಲು ತೆಗೆದಾಗ ದರ್ಶನಕ್ಕೆ ನಿಲ್ಲುವ ಸಾಲು ನೋಡಿ ನಾವೇ ಹನುಮಂತನ ಬಾಲ ಅನ್ನುವುದಿಲ್ಲವಾ! ಆ ಹುಡುಗ ಈಗ ಈ ಪದ ಮರೆಯುವ ಹಾಗಿಲ್ಲ.

ಕ್ಯೂರಿಂಗ್ ಬಿಟ್ಟರೆ ನನ್ನ ಕೈ ಹಿಡಿದ ಪದ ‘ಗಾರ್ಬಲ್’. ಇದಕ್ಕೆ ಚಿಕ್ಕಮಗಳೂರು ಕಡೆಯ ನಮ್ಮತ್ತೆ ಕಾರಣ. ಅವರು ವಯಸ್ಸಿನಲ್ಲಿದ್ದಾಗ ಸೀಸನ್‌ನಲ್ಲಿ ಗಾರ್ಬ್ಲಿಂಗ್ ಕೆಲಸಕ್ಕೆ ಹೋಗುತ್ತಿದ್ದರು. ಸಾಲಾಗಿ ಕೂತು ಕಾಫಿ ಬೀಜದಲ್ಲಿ ಕಪ್ಪಗಿರೋದು, ಒಡೆದಿರೋದು, ಹುಳ ಹೊಡೆದಿರೋದು ಆರಿಸಿ ತೆಗೆಯುವ ಕೆಲಸ. ಅಕ್ಕಿ ಹಸನು ಮಾಡುವ ಹಾಗೆ. ಮೆಣಸು ಮಾರುವವರಿಗೂ ಈ ಪದ ಗೊತ್ತು, ಎಂಜಿ1 ಅಂದರೆ ಮಲಬಾರ್ ಗಾರ್ಬಲ್ಡ್, ಹಸನು ಮಾಡಿದ ಮಾಲು. ಆದರೆ ಇಂಗ್ಲಿಷ್ ಪೇಪರಿನಲ್ಲಿ ‘ಗಾರ್ಬಲ್ಡ್’ ಅಂದರೆ ಏನು? ಗೊಂದಲವಾದ, ತಿರುಚಿಹೋದ ಮಾತು. ಪೂರ್ತಿ ಉಲ್ಟಾ! ಅರಬ್ಬಿಯಲ್ಲಿ ‘ಘರ್ಬಲ’ ಅಂದರೆ ಜರಡಿ ಹಿಡಿ. ಅರಬ್ಬರಿಗೂ ಅದು ಲ್ಯಾಟಿನ್ ಜರಡಿಯಿಂದಲೇ ಹೋದದ್ದು ಅನ್ನುತ್ತಾರೆ. ಮಸಾಲೆ ವ್ಯಾಪಾರದ ಜೊತೆ ಇಟಲಿಗೆ ಹೋಗಿ, ಅಲ್ಲಿಂದ ಇಂಗ್ಲೆಂಡಿಗೆ ಹೋಯಿತು. ಲಂಡನ್‌ನಲ್ಲಿ ಮಸಾಲೆ ಪರೀಕ್ಷೆ ಮಾಡಿ ಕಸ ತೆಗೆಸುವ ಗಾರ್ಬ್ಲರ್ ಅಂತ ಒಬ್ಬ ಅಧಿಕಾರಿಯೇ ಇದ್ದ. ಆಮೇಲೆ ಜನ ಬೇರೆಯವರ ಮಾತಿನಲ್ಲಿ ತಮಗೆ ಬೇಕಾದ್ದಷ್ಟನ್ನೇ ಆರಿಸಿಕೊಂಡು ಹೇಳುವುದಕ್ಕೂ ಇದೇ ಪದ ಬಳಸಿದರು, ಹಾಗೆ ಆರಿಸಿದ ಮಾತು ತಿರುಚಿದ ಮಾತೇ ತಾನೇ. ಅತ್ತೆಗೆ ಇದನ್ನು ಹೇಳಿದೆ. “ಅಲ್ಲಪ್ಪಾ, ನಾವು ಇಡೀ ದಿನ ಕೂತು ಹಸನು ಮಾಡಿದ್ದನ್ನ ಅವರು ಹಾಳು ಮಾಡಿಬಿಟ್ರಾ” ಅಂದರು.

‘ಪಾರ್ಚ್‌ಮೆಂಟ್’ ಅಷ್ಟು ಓಡಲಿಲ್ಲ. ಬರೆಯಲು ಹದ ಮಾಡಿದ ತೊಗಲಿಗೆ ಪೆರ್ಗಮಮ್ ಅನ್ನುವ ಊರಿನಿಂದ ಬಂದ ಹೆಸರು, ಆ ಊರು ಈಗ ಟರ್ಕಿಯಲ್ಲಿದೆ. ಕಾಫಿ ಬೀಜದ ಮೇಲಿನ ಒಣ ಸಿಪ್ಪೆ ಹಾಗೇ ಕಾಣುತ್ತದೆ ಅಂತ ಅದಕ್ಕೂ ಅದೇ ಹೆಸರು. ಎರಡು ಸಂಜೆಗೆ ಮುಗಿಯಿತು, ಎದುರುಬದುರು ಇಲ್ಲವಲ್ಲ.

ಈಗ ದುಡ್ಡು. ಹಳೇ ಬಸ್ ಸ್ಟ್ಯಾಂಡ್ ಹತ್ತಿರದ ಮಹಡಿ ಕೋಣೆಗೆ ತಿಂಗಳಿಗೆ ನಾಲ್ಕೂವರೆ ಸಾವಿರ ಬಾಡಿಗೆ, ಕರೆಂಟು ಬೇರೆ. ಫೀಸು ಮೊದಲು ತಿಂಗಳಿಗೆ ಏಳುನೂರು ಇಟ್ಟಿದ್ದೆ, ಅರ್ಧ ಜನ ಎರಡನೇ ತಿಂಗಳು ಕೊಡಲಿಲ್ಲ, ನಾನೂ ನಾಚಿಕೆಗೆ ಕೇಳಲಿಲ್ಲ. ಸೆಟ್, ಬಾರ್ಕ್, ಮೊದಲ ಕ್ಯೂರಿಂಗ್, ಕೈಪಿಡಿ, ಫ್ಲೆಕ್ಸ್ ಎಲ್ಲ ಸೇರಿ ಹೆಚ್ಚುಕಮ್ಮಿ ನಲವತ್ತು ಸಾವಿರ ಹೋಗಿದೆ. ಹೆಂಡತಿಯ ಲೆಕ್ಕದ ಪ್ರಕಾರ ಐವತ್ತರ ಮೇಲೆ. ಈಗ ಆರು ವಾರಕ್ಕೆ ಒಂದೇ ಸಲ ಸಾವಿರದ ಇನ್ನೂರು, ಮೊದಲ ದಿನವೇ. ಜೆರಾಕ್ಸ್ ಖರ್ಚು ಸೊನ್ನೆ, ಯಾಕೆ ಅಂದರೆ ಸಾಮಾನು ಅವರೇ ತರುತ್ತಾರೆ. ಹದಿನೇಳು ಜನ ಬಂದರೆ ಬಾಡಿಗೆ, ಕಾಫಿ, ಕರೆಂಟು ಕಳೆದು ಹತ್ತು ಸಾವಿರದಷ್ಟು ಉಳಿಯುತ್ತದೆ. ಶ್ರೀಮಂತ ಆಗಲಿಲ್ಲ, ಆದರೆ ಭಾವನ ಪ್ರಶ್ನೆಗೆ ಉತ್ತರ ಸಿಕ್ಕಿತು.

ಒಂದೇ ಪದದಿಂದ ಇಂಗ್ಲಿಷ್ ಬರುತ್ತದಾ ಅಂತ ಇನ್ನೊಬ್ಬ ಟ್ಯೂಷನ್ ಮೇಷ್ಟ್ರು ಮುಖಕ್ಕೇ ಕೇಳಿದ್ದರು. ಮೊದಲ ಗೆದ್ದ ಬ್ಯಾಚಿನವರನ್ನು ಐದಾರು ತಿಂಗಳಾದ ಮೇಲೆ ಕಾಫಿಗೆ ಕರೆದು, ಹೇಳದೆ ಕೇಳದೆ ಪರೀಕ್ಷೆ ಮಾಡಿದೆ. ಬಂದವರು ಹನ್ನೆರಡು ಜನ. ಹತ್ತು ಜನ ಕ್ಯೂರ್‌ನ ಐದು ಬಳಕೆಯನ್ನು ಇಂಗ್ಲಿಷ್ ವಾಕ್ಯ ಮಾಡಿ ಹೇಳಿದರು, ವ್ಯಾಕರಣ ಅಲ್ಲಲ್ಲಿ ಕುಂಟಿತು. ಮೇಸ್ತ್ರಿ ಬೆಂಗಳೂರಿನಿಂದ ಬಂದ ಎಂಜಿನಿಯರ್ ಜೊತೆ ಕ್ಯೂರಿಂಗ್ ವಿಷಯಕ್ಕೆ ಕಾಲು ಗಂಟೆ ಇಂಗ್ಲಿಷಿನಲ್ಲೇ ವಾದ ಮಾಡಿ ಗೆದ್ದರಂತೆ. ಅವರೇ ಹೇಳಿದ್ದು, ಆ ಎಂಜಿನಿಯರನ್ನು ನಾನು ಕೇಳಿಲ್ಲ. ಆ ಟ್ಯೂಷನ್ ಮೇಷ್ಟ್ರು ಈಗ ನನ್ನನ್ನು ಕಂಡರೆ “ಯಾವ ಪದ ನಡೀತಿದೆ ಸಾರ್?” ಅನ್ನುತ್ತಾರೆ. ಮೊದಲು ಇದೇ ಮಾತನ್ನು ನಗುತ್ತಾ ಹೇಳುತ್ತಿದ್ದರು.

ಈಗ ನಡೆಯುತ್ತಿರುವ ಪದ ‘ಸ್ಟಾಕ್’. ಅಂಗಡಿಯ ಸ್ಟಾಕ್, ಷೇರಿನ ಸ್ಟಾಕ್, ದನಕರುವಿಗೆ ಹೇಳುವ ಲೈವ್‌ಸ್ಟಾಕ್, ಹೋಟೆಲಿನವರ ಸೂಪ್ ಸ್ಟಾಕ್, ಕಾಫಿ ಗಿಡಕ್ಕೆ ಕಸಿ ಕಟ್ಟುವಾಗ ಕೆಳಗಿರುವ ರೂಟ್‌ಸ್ಟಾಕ್. ಎಲ್ಲದರ ಬುಡದಲ್ಲಿ ಹಳೇ ಇಂಗ್ಲಿಷಿನ ಮರದ ಬೊಡ್ಡೆ ಇದೆ, ಅದನ್ನು ಇನ್ನೂ ಹೇಳಿಲ್ಲ. ಮೊದಲ ವಾರ ಕೆಟ್ಟಿತು. ಷೇರು ಆಡುವ ಹುಡುಗನೊಬ್ಬ ಇಡೀ ಒಂದೂವರೆ ಗಂಟೆ ತಾನೇ ಮಾತಾಡಿದ, ಇಬ್ಬರು ಕ್ಲಾಸ್ ಮುಗಿದ ಮೇಲೆ ಮೆಟ್ಟಿಲ ಹತ್ತಿರ ನಿಂತು ಅವನ ಫೋನ್ ನಂಬರ್ ಬರೆದುಕೊಂಡರು. ಮುಂದಿನ ಸೋಮವಾರ ಕಸಿ ಕಟ್ಟುವವರೊಬ್ಬರನ್ನು ಗಿಡದ ಸಮೇತ ಬರಲು ಹೇಳಿದ್ದೇನೆ.